ಮರ ಕೊಯ್ಯೋ ಮುಂಚೆ ಚೈನ್ ಸಾ ಬ್ರೇಕ್ ಚೆಕ್ ಮಾಡೋದು ಹೇಗೆ? ಇಲ್ಲಿದೆ ಮಾಹಿತಿ

ಮಳೆಗಾಲ ಶುರುವಾದರೆ ಮಲೆನಾಡಿನಲ್ಲಿ ರಸ್ತೆಗೆ, ಕರೆಂಟ್ ಲೈನ್ ಮೇಲೆ ಮರ ಬೀಳೋದು ಮಾಮೂಲು. ಬಿದ್ದ ಮರ ತೆರವು ಮಾಡೋದಕ್ಕೂ, ತೋಟದ ಸಿಲ್ವರ್ ಓಕ್ ಕಡಿಯೋದಕ್ಕೂ ಈಗ ಚೈನ್ ಸಾ ಮಷಿನ್ನೇ ಬೇಕು. ಕೆಲಸಕ್ಕೆ ಇಳಿಯೋ ಮುಂಚೆ ಪೆಟ್ರೋಲ್, ಆಯಿಲ್ ನೋಡ್ತೀವಿ. ಚೈನ್ ಬ್ರೇಕ್ ನೋಡೋದು ಮರೆತುಬಿಡ್ತೀವಿ. ಮುಂದಿನ ಹ್ಯಾಂಡಲ್ ಎದುರಿಗಿರುವ ಗಾರ್ಡ್ ಬರೀ ಕೈಗೆ ಅಡ್ಡ ಇರೋದಲ್ಲ, ಅದೇ ಬ್ರೇಕಿನ ಲಿವರ್.

ಬ್ರೇಕ್ ಯಾಕೆ ಬೇಕು?

ಓಡುತ್ತಿರುವ ಚೈನಿನ ಬಾರ್ ತುದಿಯ ಮೇಲ್ಭಾಗ ಕೊಂಬೆಗೆ ತಾಗಿದರೆ ಮಷಿನ್ ಒಮ್ಮೆಲೇ ಚಿಮ್ಮಿ ಹಿಡಿದವರ ಮುಖ, ಕುತ್ತಿಗೆ ಕಡೆ ಬರುತ್ತೆ. ಇದನ್ನೇ ಕಿಕ್‌ಬ್ಯಾಕ್ ಅನ್ನೋದು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತೆ, ಕೈ ಹಿಂದೆ ತೆಗೆಯೋಕೂ ಟೈಮ್ ಇರಲ್ಲ. ಆಗ ಎಡಗೈ ತಾಗಿಯೋ, ಚಿಮ್ಮಿದ ರಭಸಕ್ಕೋ ಗಾರ್ಡ್ ಮುಂದಕ್ಕೆ ಹೋಗುತ್ತೆ. ಒಳಗಿನ ಉಕ್ಕಿನ ಪಟ್ಟಿ ಕ್ಲಚ್ ಡ್ರಮ್ಮನ್ನು ಬಿಗಿಯಾಗಿ ಹಿಡಿದು ಚೈನ್ ನಿಲ್ಲಿಸುತ್ತೆ.

ಚೆಕ್ ಮಾಡುವ ಕ್ರಮ

1. ಇಂಜಿನ್ ಆಫ್ ಇರಲಿ, ದಪ್ಪ ಗ್ಲೌಸ್ ಹಾಕಿಕೊಳ್ಳಿ. ಗಾರ್ಡ್ ಮುಂದಕ್ಕೆ ತಳ್ಳಿ, 'ಕ್ಲಿಕ್' ಅನ್ನಬೇಕು. ಈಗ ಚೈನ್ ಕೈಯಲ್ಲಿ ಎಳೆದರೂ ಅಲುಗಬಾರದು. ಗಾರ್ಡ್ ಹಿಂದಕ್ಕೆ ಎಳೆದರೆ ಚೈನ್ ಸಲೀಸಾಗಿ ಓಡಬೇಕು.

2. ಬ್ರೇಕ್ ಹಾಕಿಯೇ, ಮಷಿನ್ ಸಮತಟ್ಟಾದ ನೆಲದ ಮೇಲಿಟ್ಟು ಸ್ಟಾರ್ಟ್ ಮಾಡಿ. ಎಡಗೈ ಮುಂದಿನ ಹ್ಯಾಂಡಲ್ ಮೇಲೆ, ಬಲಗಾಲಿನ ಬೂಟು ಹಿಂದಿನ ಹ್ಯಾಂಡಲ್ ಒಳಗೆ ಇರಲಿ. ಚೈನ್ ಯಾವುದಕ್ಕೂ ತಾಗಬಾರದು, ಹತ್ತಿರ ಯಾರೂ ನಿಂತಿರಬಾರದು.

3. ಇಂಜಿನ್ ಸ್ವಲ್ಪ ಬಿಸಿಯಾಗಲಿ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಬ್ರೇಕ್ ಬಿಡಿ, ಪೂರ್ತಿ ಆಕ್ಸಿಲರೇಟರ್ ಕೊಡಿ. ಹ್ಯಾಂಡಲ್ ಬಿಡದೆ ಎಡಗೈ ಮಣಿಕಟ್ಟನ್ನು ಮುಂದಕ್ಕೆ ಬಾಗಿಸಿ ಗಾರ್ಡ್ ತಳ್ಳಿ. ಚೈನ್ ತಕ್ಷಣ ನಿಲ್ಲಬೇಕು. ನಿಂತ ಕೂಡಲೇ ಆಕ್ಸಿಲರೇಟರ್ ಬಿಡಿ. ಬ್ರೇಕ್ ಹಾಕಿ ರೇಸ್ ಮಾಡ್ತಾ ಇದ್ದರೆ ಕ್ಲಚ್ ಸುಟ್ಟುಹೋಗುತ್ತೆ.

4. ಬ್ರೇಕ್ ಬಿಟ್ಟು ಐಡಲ್‌ನಲ್ಲಿ ಇಟ್ಟಾಗ ಚೈನ್ ತಿರುಗಬಾರದು. ತಿರುಗಿದರೆ ಐಡಲ್ ಜಾಸ್ತಿ ಇದೆ ಅಥವಾ ಕ್ಲಚ್‌ನಲ್ಲಿ ತೊಂದರೆ ಇದೆ ಅಂತ ಅರ್ಥ.

ಚೈನ್ ತಡವಾಗಿ ನಿಂತರೆ?

ಆ ಮಷಿನ್‌ನಲ್ಲಿ ಆವತ್ತು ಕೆಲಸ ಬೇಡ. ಇಂಜಿನ್ ಆಫ್ ಮಾಡಿ, ಆರಿದ ಮೇಲೆ ಸೈಡ್ ಕವರ್ ಬಿಚ್ಚಿ ನೋಡಿ. ಆಯಿಲ್ ಜೊತೆ ಮರದ ಪುಡಿ ಸೇರಿ ಗಟ್ಟಿಯಾಗಿ ಕೂತಿರುತ್ತೆ. ಅದನ್ನು ಬ್ರಷ್‌ನಿಂದ ಕ್ಲೀನ್ ಮಾಡಿ ಮತ್ತೆ ಚೆಕ್ ಮಾಡಿ. ಆಮೇಲೂ ಸರಿ ಹೋಗದಿದ್ದರೆ ಬ್ರೇಕ್ ಪಟ್ಟಿಯೋ ಸ್ಪ್ರಿಂಗೋ ಸವೆದಿರಬಹುದು, ಮೆಕ್ಯಾನಿಕ್ ಹತ್ತಿರ ತೋರಿಸಿ. ಗಾರ್ಡ್ ಮುರಿದಿದ್ದರೆ ಹೊಸದು ಹಾಕಿಸಿ, ತಂತಿ ಕಟ್ಟಿ ಓಡಿಸಬೇಡಿ.

ನೆನಪಿಡಿ

ಬ್ರೇಕ್ ಚೈನ್ ನಿಲ್ಲಿಸುತ್ತೆ, ಮಷಿನ್ ಚಿಮ್ಮೋದನ್ನು ತಡೆಯಲ್ಲ. ಹಾಗಾಗಿ ಬ್ರೇಕ್ ಸರಿ ಇದ್ದರೂ ಬಾರ್ ನೇರಕ್ಕೆ ತಲೆ ಇಡಬೇಡಿ, ಭುಜಕ್ಕಿಂತ ಮೇಲೆ ಕೊಯ್ಯಬೇಡಿ, ಎಡಗೈ ಹೆಬ್ಬೆರಳು ಹ್ಯಾಂಡಲ್ ಸುತ್ತಿಯೇ ಇರಲಿ. ಒಂದು ಮರದಿಂದ ಇನ್ನೊಂದಕ್ಕೆ ನಡೆಯುವಾಗ ಬ್ರೇಕ್ ಹಾಕಿಕೊಳ್ಳಿ.

ಬಾಡಿಗೆಗೆ ತಂದ ಮಷಿನ್ ಆದರಂತೂ ಅಂಗಡಿಯವರ ಮುಂದೆಯೇ ಚೆಕ್ ಮಾಡಿ ತನ್ನಿ. ಹಿಂದೆ ಯಾರು ಹೇಗೆ ಓಡಿಸಿದ್ದಾರೋ ನಮಗೆ ಗೊತ್ತಿರಲ್ಲ. ಇದಕ್ಕೆಲ್ಲ ಎರಡು ನಿಮಿಷವೂ ಬೇಡ.