ತಾಲ್ಲೂಕು ಕಾಲೇಜು, ತಂತ್ರಜ್ಞಾನ ಮತ್ತು ಗೈರುಹಾಜರಿ: ಕ್ಲಾರ್ಕ್ ವಾದದ ಮರುಪರಿಶೀಲನೆ

ಪಾಠ ಯಾವ ಮಾಧ್ಯಮದಲ್ಲಿ ಬಂತು ಎಂಬುದರಿಂದ ಕಲಿಕೆಯಲ್ಲಿ ವ್ಯತ್ಯಾಸವಾಗದು ಎಂದು ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ 1983ರಲ್ಲಿ ವಾದಿಸಿದರು. ಅವರು ಕೊಟ್ಟ ಹೋಲಿಕೆ ಪ್ರಸಿದ್ಧವಾಯಿತು: ದಿನಸಿ ಹೊತ್ತು ತಂದ ಲಾರಿಯಿಂದ ಜನರ ಪೌಷ್ಟಿಕತೆ ಹೆಚ್ಚುವುದಿಲ್ಲ, ಹೆಚ್ಚಿದರೆ ಅದು ದಿನಸಿಯಿಂದ. ಈ ವಾದವನ್ನು ನಾನೂ ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಪದವಿ ತರಗತಿಗಳನ್ನು ಮುಂದಿಟ್ಟುಕೊಂಡು ಓದಿದರೆ, ವಾದದ ತಳದಲ್ಲಿರುವ ಒಂದು ಗೃಹೀತ ಇಲ್ಲಿಗೆ ಹೊಂದುವುದಿಲ್ಲ. ಈ ಲೇಖನದ ಉದ್ದೇಶ ಅದೊಂದನ್ನು ತೋರಿಸುವುದು.

ನಮ್ಮಲ್ಲಿ ತಂತ್ರಜ್ಞಾನದ ಮೂಲಕ ಪಾಠ ಬಂದ ಹಿನ್ನೆಲೆಯ ಬಗ್ಗೆ ಹೆಚ್ಚು ತಕರಾರಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಉಪಗ್ರಹ ಪ್ರಯೋಗದಲ್ಲಿ ಕರ್ನಾಟಕದ ಹಳ್ಳಿಗಳೂ ಸೇರಿದ್ದವು. 1984ರಲ್ಲಿ ಯುಜಿಸಿ ದೂರದರ್ಶನದ ಮೂಲಕ ಪದವಿ ಪಾಠಗಳನ್ನು ಬಿತ್ತರಿಸತೊಡಗಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ರೂಪಿಸಿದ ಎಜುಸ್ಯಾಟ್ ಉಪಗ್ರಹ ಕಕ್ಷೆ ಸೇರಿತು. ಅದರ ಆರಂಭಿಕ ಪ್ರಯೋಗಗಳಲ್ಲಿ ಚಾಮರಾಜನಗರ ಜಿಲ್ಲೆಯ ಶಾಲೆಗಳು ಸೇರಿದ್ದವು. 2017ರಲ್ಲಿ ಆನ್‌ಲೈನ್ ಕೋರ್ಸುಗಳ 'ಸ್ವಯಂ' ಜಾಲತಾಣ ಬಂತು. 2021ರಲ್ಲಿ ರಾಜ್ಯ ಸರ್ಕಾರ 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು, 87 ಪಾಲಿಟೆಕ್ನಿಕ್‌ಗಳು ಮತ್ತು 14 ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ಕಲಿಕಾ ನಿರ್ವಹಣಾ ವ್ಯವಸ್ಥೆಯನ್ನು (ಎಲ್‌ಎಂಎಸ್) ಜಾರಿಗೆ ತಂದಿತು. ಅದೇ ವರ್ಷದ ಮೇನಲ್ಲಿ, ಒಂದು ಕೋರ್ಸಿನ ಶೇ. 40ರವರೆಗಿನ ಭಾಗವನ್ನು ಆನ್‌ಲೈನ್‌ನಲ್ಲಿ ಬೋಧಿಸಬಹುದೆಂಬ ಕರಡನ್ನು ಯುಜಿಸಿ ಹೊರಡಿಸಿತು.

ಇನ್ನು ವಿವಾದದ ವಿಷಯ. ಕ್ಲಾರ್ಕ್ ಅವರ ವಾದ ಬರಿಯ ಹೋಲಿಕೆಯ ಮೇಲೆ ನಿಂತಿಲ್ಲ. ಗಣಕದ ಮೂಲಕ ಕಲಿತವರಿಗೆ ಹೆಚ್ಚು ಅಂಕ ಬಂತೆಂದ ಅಧ್ಯಯನಗಳನ್ನು ಅವರು ಮತ್ತೆ ಕೆದಕಿದರು. ಎರಡೂ ಬಗೆಯ ಪಾಠವನ್ನು ಒಬ್ಬರೇ ಅಧ್ಯಾಪಕರು ಸಿದ್ಧಪಡಿಸಿದ್ದ ಕಡೆಗಳಲ್ಲಿ ಅಂತರ ಬಹುಪಾಲು ಕರಗಿತ್ತು. ವಾರಗಳು ಉರುಳಿದಂತೆ ಹೊಸತನದ ಹುರುಪೂ ಇಳಿದಿತ್ತು. ರಾಬರ್ಟ್ ಕೋಜ್ಮಾ 1991ರಲ್ಲಿ ಪ್ರತಿವಾದ ಹೂಡಿ, ಕೆಲವು ಮಾಧ್ಯಮಗಳಿಗೆ ಅವುಗಳದೇ ಸಾಮರ್ಥ್ಯಗಳಿವೆ, ಚಲಿಸುವ ಚಿತ್ರ ತೋರಿಸುವುದನ್ನು ಅಚ್ಚಿನ ಪುಟ ತೋರಿಸಲಾರದು ಎಂದರು. 1994ರಲ್ಲಿ ಇಬ್ಬರೂ ಮತ್ತೆ ಮುಖಾಮುಖಿಯಾದರು. ಕ್ಲಾರ್ಕ್ ತಮ್ಮ ನಿಲುವನ್ನು ಇನ್ನಷ್ಟು ಬಿಗಿಗೊಳಿಸಿದರು.

ನನಗೆ ತೋರುವಂತೆ, ಇಬ್ಬರೂ ಒಂದು ಸಂಗತಿಯನ್ನು ಚರ್ಚೆಯಿಲ್ಲದೆ ಒಪ್ಪಿಕೊಂಡಿದ್ದರು: ಹೋಲಿಸುವ ಎರಡೂ ಗುಂಪುಗಳಲ್ಲಿ ವಿದ್ಯಾರ್ಥಿಗಳು ಹಾಜರಿದ್ದಾರೆ. ಲಾರಿ ಎರಡೂ ಊರುಗಳನ್ನು ತಲುಪಿದೆ, ಪ್ರಶ್ನೆ ಇರುವುದು ಅದರ ಬಣ್ಣದ ಬಗ್ಗೆ ಮಾತ್ರ. ಲಾರಿಯೇ ಬಾರದ ಊರಿನಲ್ಲಿ ಸಾಗಣೆಯ ಪ್ರಶ್ನೆಯೇ ಪೌಷ್ಟಿಕತೆಯ ಪ್ರಶ್ನೆಯೂ ಆಗುತ್ತದೆ.

ಅರ್ಥಶಾಸ್ತ್ರದ ಪದವಿ ಪತ್ರಿಕೆಯೊಂದನ್ನು ನಾನು ತಂತ್ರಜ್ಞಾನದ ನೆರವಿನಿಂದ ಕಲಿಸಲು ತೊಡಗಿದಾಗ ವಿಶೇಷ ಸಲಕರಣೆಯೇನೂ ಇರಲಿಲ್ಲ. ತರಗತಿ ಎಂದಿನಂತೆ ನಡೆಯುತ್ತಿತ್ತು. ಜೊತೆಗೆ ಚಿಕ್ಕ ಧ್ವನಿಮುದ್ರಿಕೆ, ಪಿಡಿಎಫ್ ಟಿಪ್ಪಣಿ, ವಾಟ್ಸ್‌ಆ್ಯಪ್‌ನಲ್ಲಿ ಪ್ರಶ್ನೆ ಕೇಳುವ ಅವಕಾಶ. ಕ್ಲಾರ್ಕ್ ಹೇಳಿದ ಹುರುಪಿನ ಇಳಿತ ನನ್ನ ಕಣ್ಣೆದುರೇ ನಡೆಯಿತು. ನಿತ್ಯ ತರಗತಿಗೆ ಬರುವವರು ಕೆಲವೇ ವಾರಗಳಲ್ಲಿ ಧ್ವನಿಮುದ್ರಿಕೆ ಕೇಳುವುದನ್ನು ಬಿಟ್ಟರು, ಅವರಿಗೆ ಅದರ ಅಗತ್ಯವಿರಲಿಲ್ಲ. ಕೇಳುತ್ತಲೇ ಹೋದವರು ತರಗತಿಗೆ ಬಾರದವರು. ಹೊಳಲ್ಕೆರೆ ಕಡೆಯಲ್ಲಿ ಅಡಿಕೆ ಕೊಯ್ಲು ಶುರುವಾದರೆ, ಹಿರಿಯೂರು ಸುತ್ತ ಈರುಳ್ಳಿ ಕೀಳುವ ಹೊತ್ತು ಬಂದರೆ ಹಿಂದಿನ ಬೆಂಚುಗಳು ಖಾಲಿಯಾಗುತ್ತವೆ. ಹಾಜರಿ ಪುಸ್ತಕ ಬರೆಯುವ ಯಾವ ಅಧ್ಯಾಪಕರಿಗೂ ಇದು ಗೊತ್ತು. ಒಂದು ರಾತ್ರಿ ಬಂದ ಧ್ವನಿ ಸಂದೇಶದ ಹಿಂದೆ ಅಡಿಕೆ ಸುಲಿಯುವ ಕತ್ತಿಯ ಸದ್ದು ಬಿಟ್ಟುಬಿಟ್ಟು ಕೇಳುತ್ತಿತ್ತು. ಅಡಿಕೆ ಧಾರಣೆ ಇಳಿದರೂ ಸುಲಿಯುವವರ ಕೂಲಿ ಅದೇ ಪ್ರಮಾಣದಲ್ಲಿ ಯಾಕೆ ಇಳಿಯಲಿಲ್ಲ ಎಂದು ಆ ವಿದ್ಯಾರ್ಥಿನಿ ಕೇಳಿದ್ದಳು. ತರಗತಿಯಲ್ಲಿ ಕೂತವರು ಯಾರೂ ಆ ಅಧ್ಯಾಯದ ಮೇಲೆ ಅಂಥ ಪ್ರಶ್ನೆ ಎತ್ತಿರಲಿಲ್ಲ.

ಆದ್ದರಿಂದ ನನ್ನ ಪ್ರತಿಪಾದನೆ ಹೀಗಿದೆ: ತಾಲ್ಲೂಕು ಮಟ್ಟದ ಪದವಿ ಕಾಲೇಜಿನಲ್ಲಿ ಮಾಧ್ಯಮದ ಮುಖ್ಯ ಪರಿಣಾಮ ಆಗುವುದು ಕಲಿಕೆಯ ಗುಣಮಟ್ಟದ ಮೇಲಲ್ಲ, ಕೋರ್ಸಿನಲ್ಲಿ ಯಾರು ಉಳಿಯುತ್ತಾರೆ ಎಂಬುದರ ಮೇಲೆ, ಅಂಕಗಳನ್ನಷ್ಟೇ ಹೋಲಿಸುವ ಅಧ್ಯಯನಕ್ಕೆ ಈ ಪರಿಣಾಮ ಕಾಣುವುದಿಲ್ಲ. ಪರೀಕ್ಷೆಗೆ ಕೂರದವರ ಅಂಕ ಯಾವ ಕೋಷ್ಟಕದಲ್ಲೂ ಇರದು. ಅಧ್ಯಾಪಕರ ಗೈರುಹಾಜರಿಗೂ ಇದು ಅನ್ವಯಿಸಬಹುದು. 2021ರ ಡಿಸೆಂಬರ್‌ನಲ್ಲಿ ಅತಿಥಿ ಉಪನ್ಯಾಸಕರು ರಾಜ್ಯಾದ್ಯಂತ ತರಗತಿ ಬಹಿಷ್ಕರಿಸಿದಾಗ, ಮತ್ತೆ 2023ರ ಕೊನೆಯಲ್ಲಿ ಮುಷ್ಕರ ಹೂಡಿದಾಗ, ಅವರನ್ನೇ ನೆಚ್ಚಿಕೊಂಡಿದ್ದ ಕಾಲೇಜುಗಳಲ್ಲಿ ಪಾಠ ನಿಂತಿತು. ಆಗ ವಿದ್ಯಾರ್ಥಿಯ ಕೈಯಲ್ಲಿ ಉಳಿದದ್ದು ಮೊಬೈಲಿನಲ್ಲಿ ಮೊದಲೇ ಇಳಿಸಿಕೊಂಡಷ್ಟು. ಆದರೆ ಇದನ್ನು ಅವರ ಬೇಡಿಕೆಗಳನ್ನು ತಳ್ಳಿಹಾಕಲು ಬಳಸುವುದು ಅನ್ಯಾಯ. ಧ್ವನಿಮುದ್ರಿಕೆ ಹುದ್ದೆ ತುಂಬುವುದಿಲ್ಲ.

ಈ ಪ್ರತಿಪಾದನೆಯನ್ನು ಮೂರು ಕಡೆಯಿಂದಲಾದರೂ ಸಡಿಲಿಸಬೇಕಾಗುತ್ತದೆ. ಮೊದಲನೆಯದು, ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ವರ್ಷಗಳ ಕಾಲ ದುಡಿದ ಕೆಂಟಾರೋ ಟೊಯಾಮಾ ತಮ್ಮ 2015ರ ಕೃತಿಯಲ್ಲಿ, ತಂತ್ರಜ್ಞಾನ ಮೊದಲೇ ಇರುವ ಸಾಮರ್ಥ್ಯವನ್ನು ಹಿಗ್ಗಿಸುತ್ತದೆಯೇ ಹೊರತು ಇಲ್ಲದ್ದನ್ನು ಸೃಷ್ಟಿಸುವುದಿಲ್ಲ ಎಂದರು. ನನ್ನ ಸಾಕ್ಷ್ಯ ಇದನ್ನು ಅಲ್ಲಗಳೆಯುವುದಿಲ್ಲ. ಧ್ವನಿ ಸಂದೇಶ ಕಳಿಸಿದ ಹುಡುಗಿ ಮೊದಲಿನಿಂದಲೂ ಚುರುಕು. ಗೈರಾದವರಲ್ಲಿ ಏನನ್ನೂ ಕೇಳದವರೂ ಇದ್ದರು, ಅವರ ಬಗ್ಗೆ ನನ್ನ ಬಳಿ ದಾಖಲೆಯಿಲ್ಲ. ಎರಡನೆಯದು, ಮನೆಗೊಂದೇ ಸ್ಮಾರ್ಟ್‌ಫೋನ್ ಇರುವಲ್ಲಿ ಅದು ಅಣ್ಣನ ಜೇಬಿನಲ್ಲೇ ಇರುವುದು ಹೆಚ್ಚು. ಮೂರನೆಯದು ನನಗೆ ಎಲ್ಲಕ್ಕಿಂತ ತೊಡಕಿನದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಹೊಸದುರ್ಗದ ಹಳ್ಳಿಯಿಂದ ಕಾಲೇಜಿಗೆ ಬರುವ ಖರ್ಚು ಅವರ ಮಟ್ಟಿಗೆ ಇಲ್ಲವಾದ ಮೇಲೆ, ಹಾಜರಾತಿಯಲ್ಲಿ ಕಂಡ ಬದಲಾವಣೆಗೆ ಮೊಬೈಲ್ ಕಾರಣವೋ ಬಸ್ಸು ಕಾರಣವೋ ಎಂದು ಬೇರ್ಪಡಿಸುವುದು ಸುಲಭವಲ್ಲ. ಬಸ್ಸೇ ಹೆಚ್ಚು ಕೆಲಸ ಮಾಡಿರಬಹುದೆಂಬ ಗುಮಾನಿ ನನಗಿದೆ. ಹುಡುಗರ ಹಾಜರಾತಿಯನ್ನು ಪ್ರತ್ಯೇಕವಾಗಿ ನೋಡಿದರೆ ಸ್ವಲ್ಪ ಬೆಳಕು ಸಿಗಬಹುದು, ಏಕೆಂದರೆ ಅವರಿಗೆ ಮೊಬೈಲ್ ಇದೆ, ಉಚಿತ ಬಸ್ಸಿಲ್ಲ.

ಮುಂದಿನ ಅಧ್ಯಯನಕ್ಕೆ ಬೇಕಾದ ದಾಖಲೆಗಳು ಕಾಲೇಜುಗಳಲ್ಲೇ ಇವೆ. ಹಾಜರಿ ಪುಸ್ತಕವನ್ನೂ ಎಲ್‌ಎಂಎಸ್‌ನ ಬಳಕೆಯ ದಾಖಲೆಯನ್ನೂ ತಿಂಗಳುವಾರು ಅಕ್ಕಪಕ್ಕ ಇಟ್ಟು, ಕೊಯ್ಲಿನ ತಿಂಗಳುಗಳನ್ನು ಗುರುತಿಸಿ ನೋಡಬೇಕು. ವಾಣಿವಿಲಾಸ ಸಾಗರದ ನಾಲೆ ನೀರು ಕಾಣುವ ಹಿರಿಯೂರಿನ ಹಳ್ಳಿಗಳಿಗೂ ಮಳೆಯನ್ನೇ ನಂಬಿದ ಹಳ್ಳಿಗಳಿಗೂ ಆ ತಿಂಗಳುಗಳು ಒಂದೇ ಆಗಿರುವುದಿಲ್ಲ; ಹಾಗಾಗಿ ತಾಲ್ಲೂಕನ್ನು ಒಂದು ಘಟಕವಾಗಿ ಹಿಡಿಯುವುದೂ ಸಾಲದು. ಪ್ರಯೋಗಾಲಯವಿಲ್ಲದೆ ನಡೆಯದ ವಿಜ್ಞಾನ ವಿಷಯಗಳಿಗೆ ಈ ವಾದ ಎಷ್ಟು ಸಲ್ಲುತ್ತದೆ ಎಂಬುದನ್ನು ಆ ವಿಷಯಗಳ ಅಧ್ಯಾಪಕರು ಪರಿಶೀಲಿಸಬೇಕು, ನನ್ನ ಸಾಕ್ಷ್ಯವೆಲ್ಲ ಕಲಾ ವಿಭಾಗದ್ದು.