ಅರಸರ ಕಾರು, ಕುರಿಚಿಯ ಕುಲುಮೆ

ಕೊಯಮತ್ತೂರಿನಿಂದ ಪೊಳ್ಳಾಚಿಯ ದಾರಿ ಹಿಡಿದರೆ ನೊಯ್ಯಲ್ ಹೊಳೆಯ ದಕ್ಷಿಣಕ್ಕೆ ಕುರಿಚಿ ಸಿಗುತ್ತದೆ. ಹಿಂದೆ ಕೆರೆಯ ಊರು, ಇಂದು ಸಿಡ್ಕೊ ಕೈಗಾರಿಕಾ ವಸಾಹತಿನ ಊರು. 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಈ ಸೀಮೆ ಮೈಸೂರಿನದಾಗಿತ್ತು. 1956ರವರೆಗೆ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯ ತಾಲೂಕಾಗಿತ್ತು. ಗಡಿಯ ಗೆರೆ ಸರಿದರೂ ಕಸುಬಿನ ನಂಟು ಅಷ್ಟು ಬೇಗ ಕಡಿಯುವುದಿಲ್ಲ.

ಮೈಸೂರು ಅರಸರ ಕಾರಿನ ಮೋಹ ಹೆಸರಾದದ್ದು. ಒಮ್ಮೆಗೇ ಏಳೇಳು ಕಾರು ಕೊಳ್ಳುವುದನ್ನು ರೋಲ್ಸ್ ರಾಯ್ಸ್ ಕಂಪೆನಿಯವರು ‘ಡೂಯಿಂಗ್ ಎ ಮೈಸೂರ್’ ಎನ್ನುತ್ತಿದ್ದರೆಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ಎರಡನೆಯ ಮಹಾಯುದ್ಧದವರೆಗೆ ಆ ಕಂಪೆನಿ ಕಾರಿಗೆ ಎಂಜಿನ್ನು ಮತ್ತು ಚಾಸಿಯನ್ನಷ್ಟೇ ಒದಗಿಸುತ್ತಿತ್ತು. ಮೈಕಟ್ಟು ಹೂಪರ್, ಬಾರ್ಕರ್, ಥ್ರಪ್ ಅಂಡ್ ಮೇಬರ್ಲಿಯಂಥ ಸಾರೋಟು ಕಟ್ಟುವವರ ಕೈಕೆಲಸ. ಆ್ಯಶ್ ಮರದ ಚೌಕಟ್ಟು, ಅದರ ಮೇಲೆ ಕೈಯಿಂದ ಬಡಿದು ಬಾಗಿಸಿದ ಅಲ್ಯೂಮಿನಿಯಂ ತಗಡು. ಆದ್ದರಿಂದ ಒಂದರಂತೆ ಇನ್ನೊಂದಿಲ್ಲ.

1971ರಲ್ಲಿ ರಾಜಧನ ರದ್ದಾದ ಮೇಲೆ ದೇಶದ ಎಷ್ಟೋ ಅರಮನೆಗಳ ಲಾಯಗಳಲ್ಲಿ ಇಂಥ ಕಾರುಗಳು ಧೂಳು ಹಿಡಿದವು. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗಿನ ಮರವನ್ನು ಗೆದ್ದಲು ತಿಂದಿರುತ್ತದೆ. ಬಲ್ಲ ಕಸುಬುದಾರ ಮೊದಲು ಅಳೆಯುತ್ತಾನೆ, ಚಿತ್ರ ತೆಗೆಯುತ್ತಾನೆ, ಆಮೇಲೆ ತಗಡು ಬಿಚ್ಚುತ್ತಾನೆ. ಕೊಳೆತ ಮರದ ತುಂಡನ್ನೂ ಎಸೆಯುವುದಿಲ್ಲ. ಹೊಸದಕ್ಕೆ ಅದೇ ಅಚ್ಚು. ಬಣ್ಣವನ್ನು ಪದರ ಪದರವಾಗಿ ಉಜ್ಜಿದರೆ ಮೂಲದ ಬಣ್ಣ ಕಾಣುತ್ತದೆ. ಕಳೆದುಹೋದ ಬಾಗಿಲ ಹಿಡಿ ಬೇಕಾದರೆ ಜೋಡಿಯ ಇನ್ನೊಂದನ್ನು ನೋಡಿ ಮರದ ಮಾದರಿ ಕೆತ್ತಬೇಕು. ಆರಿದ ಲೋಹ ಕುಗ್ಗುವುದರಿಂದ ಮಾದರಿ ಕೂದಲೆಳೆಯಷ್ಟು ದೊಡ್ಡದಿರಬೇಕು. ಬಳಿಕ ಮರಳಿನ ಅಚ್ಚು, ಎರಕ, ಅರ, ಲೇಪ. 1930ಕ್ಕಿಂತ ಹಿಂದಿನ ಕಾರಾದರೆ ಸಾಮಾನ್ಯವಾಗಿ ನಿಕ್ಕಲ್ ಲೇಪವೇ ಸರಿ; ಕ್ರೋಮ್ ಹಚ್ಚಿದರೆ ಕಾಲ ತಪ್ಪುತ್ತದೆ. ಎರಕ, ತಿರುಗಣೆಗಳಿಗೆ ಹೆಸರಾದ ಕೊಯಮತ್ತೂರು ಸೀಮೆಗೆ ಇದು ಹೊಸ ವಿದ್ಯೆಯಲ್ಲ.

1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಬಸ್ಸು ಓಡಿಸಿದ ಜಿ.ಡಿ. ನಾಯ್ಡು ಅವರ ಊರು ಇದು. ಅವರೂ ಮೈಸೂರಿನ ಜಯಚಾಮರಾಜ ಒಡೆಯರೂ ತೀರಿಕೊಂಡದ್ದು ಒಂದೇ ವರ್ಷ, 1974ರಲ್ಲಿ. ನಾಯ್ಡು ಅವರ ಹೆಸರಿನ ಜಿ.ಡಿ. ಕಾರು ವಸ್ತುಸಂಗ್ರಹಾಲಯ 2015ರಲ್ಲಿ ಕೊಯಮತ್ತೂರಿನಲ್ಲಿ ತೆರೆಯಿತು. ಧರ್ಮಸ್ಥಳದವರ ‘ಪಯಣ’ 2023ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆಯಿತು.

2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ. ಇಲ್ಲಿ ‘ಮೂಲರೂಪ’ ಎಂಬ ಮಾತೇ ಮುಖ್ಯ. ಎಲ್ಲವನ್ನೂ ಹೊಸದು ಮಾಡಿದರೆ ಕಾರು ಹೊಳೆಯುತ್ತದೆ, ಚರಿತ್ರೆ ಅಳಿಯುತ್ತದೆ. ಚಾಸಿಯ ಸಂಖ್ಯೆ, ಮೈಕಟ್ಟಿದವರ ಹೆಸರಿನ ಪಟ್ಟಿ, ಹಳೆಯ ರಸೀದಿ, ಡ್ರೈವರನ ನಿಂತ ಭಂಗಿಯ ಒಂದು ಫೋಟೋ – ಇವೇ ಅದರ ಜಾತಕ.

ಇಂಥ ಕಾಗದಗಳು ಅರಮನೆಗಳಲ್ಲಷ್ಟೇ ಇರುವುದಿಲ್ಲ. ಡ್ರೈವರ, ಬಡಗಿ, ಮೆಕ್ಯಾನಿಕ್ ಆಗಿ ಗಡಿ ದಾಟಿ ದುಡಿದ ನಮ್ಮ ಹಿರಿಯರ ಟ್ರಂಕುಗಳಲ್ಲೂ ಇರಬಹುದು. ಮುಂದಿನ ಬಾರಿ ಮನೆ ಸುಣ್ಣ ಬಳಿಯುವಾಗ ಹಳೆಯ ಕಾಗದವನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ಓದೋಣ.