ಹೃದಯದ ವಾಲ್ವ್ ತೊಂದರೆಗೆ ಬೆಳ್ಳುಳ್ಳಿ-ನಿಂಬೆ ಕಷಾಯ ಮದ್ದೇ? ಎಕೋ ವರದಿ ಬಂದವರು ತಿಳಿಯಬೇಕಾದ್ದು

ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕುದಿಸಿ, ಜೇನುತುಪ್ಪ ಬೆರೆಸಿ ಕುಡಿದರೆ ಹೃದಯದ ಬ್ಲಾಕ್ ಕರಗುತ್ತದೆ, ವಾಲ್ವ್ ಕೂಡ ಸರಿಹೋಗುತ್ತದೆ, ಆಪರೇಷನ್ ಬೇಕಿಲ್ಲ. ಈ ಬಗೆಯ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಮನೆಯಲ್ಲಿ ಯಾರಿಗಾದರೂ ವಾಲ್ವ್ ತೊಂದರೆ ಇದೆ ಎಂದು ಈಗಷ್ಟೇ ಗೊತ್ತಾಗಿದ್ದರೆ, ಅದನ್ನು ನಂಬುವ ಮೊದಲು ಇದನ್ನು ಓದಿ.

ಬ್ಲಾಕ್ ಬೇರೆ, ವಾಲ್ವ್ ಬೇರೆ

ಬ್ಲಾಕ್ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳಗಳು ಕಟ್ಟಿಕೊಳ್ಳುವುದು. ವಾಲ್ವ್ ಎಂದರೆ ಹೃದಯದ ಒಳಗಿರುವ ಕವಾಟ. ಮೈಟ್ರಲ್, ಅಯೋರ್ಟಿಕ್, ಟ್ರೈಕಸ್ಪಿಡ್, ಪಲ್ಮನರಿ ಎಂಬ 4 ಕವಾಟಗಳು ರಕ್ತ ಒಂದೇ ದಿಕ್ಕಿಗೆ ಹರಿಯುವಂತೆ ನೋಡಿಕೊಳ್ಳುತ್ತವೆ. ದಿನಕ್ಕೆ ಸುಮಾರು 1 ಲಕ್ಷ ಬಾರಿ ತೆರೆದು ಮುಚ್ಚುತ್ತವೆ.

ಇವುಗಳಲ್ಲಿ ಮುಖ್ಯವಾಗಿ ಎರಡು ದೋಷ ಬರುತ್ತವೆ. ಕವಾಟ ಪೂರ್ತಿ ತೆರೆಯದಿದ್ದರೆ ಅದು ಸ್ಟೆನೋಸಿಸ್. ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರಿದರೆ ರಿಗರ್ಜಿಟೇಶನ್, ಅಂದರೆ ಲೀಕ್. ಕೆಲವರಿಗೆ ಹುಟ್ಟಿನಿಂದಲೇ ದೋಷವಿರುತ್ತದೆ. ವಯಸ್ಸಾದವರಲ್ಲಿ ಕವಾಟದ ಮೇಲೆ ಕ್ಯಾಲ್ಸಿಯಂ ಕೂತು ಅದು ಗಟ್ಟಿಯಾಗುತ್ತದೆ. ನಮ್ಮ ದೇಶದಲ್ಲಿ ಇನ್ನೊಂದು ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಬಾಲ್ಯದ ಗಂಟಲು ಸೋಂಕಿನ ನಂತರ ದೇಹದ ರೋಗನಿರೋಧಕ ವ್ಯವಸ್ಥೆಯೇ ಕವಾಟಕ್ಕೆ ಹಾನಿ ಮಾಡುತ್ತದೆ.

ಕಷಾಯದಿಂದ ಸರಿಹೋಗುತ್ತದೆಯೇ?

ಇಲ್ಲ. ದಪ್ಪಗಾದ, ಅಂಟಿಕೊಂಡ ಅಥವಾ ಹರಿದ ಕವಾಟವನ್ನು ಯಾವ ಕಷಾಯವೂ ಹಳೆಯ ಸ್ಥಿತಿಗೆ ತರುವುದಿಲ್ಲ. ಡಾಕ್ಟರ್ ಕೊಡುವ ಮಾತ್ರೆಗಳೂ ಕವಾಟವನ್ನು ರಿಪೇರಿ ಮಾಡುವುದಿಲ್ಲ. ಅವು ಹೃದಯದ ಮೇಲಿನ ಹೊರೆ ಇಳಿಸುತ್ತವೆ, ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವೆ.

ಅಡುಗೆಯಲ್ಲಿ ಬಳಸುವಷ್ಟು ಬೆಳ್ಳುಳ್ಳಿಯಿಂದ ಭಯವಿಲ್ಲ. ನಿಜವಾದ ಅಪಾಯ ಕಷಾಯ ನಂಬಿ ಔಷಧಿ ನಿಲ್ಲಿಸುವುದರಲ್ಲಿದೆ. ರುಮ್ಯಾಟಿಕ್ ತೊಂದರೆ ಇರುವವರಿಗೆ 3 ಅಥವಾ 4 ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ. ಅದು ತಪ್ಪಿದರೆ ಜ್ವರ ಮರುಕಳಿಸಿ ಕವಾಟ ಇನ್ನಷ್ಟು ಹಾಳಾಗಬಹುದು. ಲೋಹದ ವಾಲ್ವ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆ ಬಿಟ್ಟರೆ ವಾಲ್ವ್‌ನಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು, ಪ್ರಾಣಕ್ಕೂ ಕುತ್ತು ಬರಬಹುದು.

ವರದಿ ನೋಡಿ ಹೆದರಬೇಕೇ?

ಮೊದಲು ಗ್ರೇಡ್ ನೋಡಿ. ಟ್ರಿವಿಯಲ್ ಅಥವಾ ಮೈಲ್ಡ್ ಎಂದಿದ್ದರೆ ತಕ್ಷಣ ಆಪರೇಷನ್ ಎಂದರ್ಥವಲ್ಲ. ಆರೋಗ್ಯವಂತರ ಎಕೋದಲ್ಲೂ ಅತಿ ಸಣ್ಣ ಲೀಕ್ ಕಾಣುವುದುಂಟು. ಮೈಲ್ಡ್ ಇರುವ ಅನೇಕರಿಗೆ ಡಾಕ್ಟರ್ ಹೇಳಿದ ಅವಧಿಗೊಮ್ಮೆ ಎಕೋ ಮಾಡಿಸಿದರೆ ಸಾಕಾಗುತ್ತದೆ. ಸಿವಿಯರ್ ಎಂದಿದ್ದರೆ ಲಕ್ಷಣ ಇಲ್ಲದಿದ್ದರೂ ಹೃದ್ರೋಗ ತಜ್ಞರನ್ನು ಬೇಗ ಕಾಣಬೇಕು.

ಸಿವಿಯರ್ ಎಂದರೂ ದಾರಿ ಮುಗಿಯಿತು ಎಂದಲ್ಲ. ಕಿರಿದಾದ ಮೈಟ್ರಲ್ ವಾಲ್ವ್ ಸೂಕ್ತವಾಗಿದ್ದರೆ ಎದೆ ತೆರೆಯದೆ, ತೊಡೆಯ ರಕ್ತನಾಳದ ಮೂಲಕ ಬಲೂನ್ ಕಳಿಸಿ ಅಗಲಿಸುತ್ತಾರೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆ ಬಹಳ ವರ್ಷಗಳಿಂದ ನಡೆಯುತ್ತಿದೆ. ಕೆಲವು ವಾಲ್ವ್‌ಗಳನ್ನು ರಿಪೇರಿ ಮಾಡಬಹುದು, ಉಳಿದವನ್ನು ಬದಲಿಸಬೇಕಾಗುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಭಾರತೀಯ ಕೃತಕ ವಾಲ್ವ್ 1990ರಿಂದಲೂ ರೋಗಿಗಳಿಗೆ ಅಳವಡಿಕೆಯಾಗುತ್ತಿದೆ.

ಮುಂದಿನ ಭೇಟಿಗೆ ಸಿದ್ಧರಾಗಿ

ಹೊಸದಾಗಿ ವಿಷಯ ತಿಳಿದಾಗ ನಿದ್ದೆ ಬಾರದಿರುವುದು, ಎದೆಬಡಿತವನ್ನೇ ಗಮನಿಸುತ್ತಾ ಕೂರುವುದು ಸಹಜ. ಗಾಬರಿಯಲ್ಲಿ ಡಾಕ್ಟರ್ ಹೇಳಿದ್ದು ಅರ್ಧ ಮರೆತುಹೋಗುತ್ತದೆ. ಅದಕ್ಕೇ ಮನೆಯ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಎಲ್ಲ ವರದಿಗಳನ್ನೂ ಒಂದೇ ಫೈಲ್‌ನಲ್ಲಿಡಿ, ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ:

• ಯಾವ ವಾಲ್ವ್? ಕಿರಿದಾಗಿದೆಯೇ, ಸೋರುತ್ತಿದೆಯೇ? ಗ್ರೇಡ್ ಎಷ್ಟು?
• ಮುಂದಿನ ಎಕೋ ಯಾವಾಗ?
• ನಾನು ಎಷ್ಟು ಕೆಲಸ, ನಡಿಗೆ, ವ್ಯಾಯಾಮ ಮಾಡಬಹುದು?
• ಗರ್ಭಿಣಿಯಾಗುವ ಯೋಚನೆಯಿದ್ದರೆ ಏನು ಮಾಡಬೇಕು?
• ಹಲ್ಲು ಕೀಳಿಸುವ ಮುನ್ನ ಆ್ಯಂಟಿಬಯೋಟಿಕ್ ಬೇಕೇ?

ಖರ್ಚಿನ ಚಿಂತೆಯಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ತಡ ಮಾಡಬಾರದ ಲಕ್ಷಣಗಳು

ಮಲಗಿದಾಗ ಉಸಿರು ಕಟ್ಟುವುದು, ಎದೆನೋವು, ತಲೆಸುತ್ತಿ ಬೀಳುವುದು, ಮಾತು ತೊದಲುವುದು, ಕೈಕಾಲು ಬಲ ಕಳೆದುಕೊಳ್ಳುವುದು ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ. ಕಾಲು ಊದಿಕೊಂಡರೆ, ಮೊದಲು ಸುಲಭವಾಗಿ ಹತ್ತುತ್ತಿದ್ದ ಮೆಟ್ಟಿಲಿಗೆ ಈಗ ಏದುಸಿರು ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಒಟ್ಟಿನಲ್ಲಿ: ಕಷಾಯ ವಾಲ್ವ್ ಸರಿಮಾಡುತ್ತದೆ ಎಂಬುದು ಸುಳ್ಳು. ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಕಳಿಸಿದವರು ನಿಮ್ಮ ಒಳ್ಳೆಯದಕ್ಕೇ ಕಳಿಸಿರುತ್ತಾರೆ. ಅವರಿಗೆ ಬೈಯದೆ, ಮಾತ್ರೆ ಮತ್ತು ಇಂಜೆಕ್ಷನ್ ನಿಲ್ಲಿಸಬಾರದು ಎಂಬುದನ್ನಷ್ಟೇ ತಿಳಿಸಿ ಹೇಳಿ.